ಮೆಹರು ಕೂಡಿಸಿಕೊಟ್ಟ ಸ್ನೋಬ್ಲೋವರ್

ಹೋದ ತಿಂಗಳು ಕಾರಿನ ರಿಪೇರಿಗೆಂದು ಶಿಕಾಗೋ ಬದಿಯ ಎಲ್ಕ್ ಗ್ರೋವ್ ವಿಲೇಜಿಗೆ ಹೋಗಿದ್ದೆ. ಇನ್ನೂ ಹೊತ್ತಾಗುತ್ತದೆ, ಕಾಫಿ ಕುಡಿದು ಬನ್ನಿ ಎಂದರು. ಕಾಫಿ ಬಿಟ್ಟು, ಅಲ್ಲೇ ಹಿಂದಿನ ರಸ್ತೆಯಲ್ಲಿ ಮೆಹರುವಿನ ಮೆಷೀನ್ ಶಾಪ್ ಇದ್ದ ಜಾಗ ನೋಡೋಣವೆಂದು ನಡೆದೆ. ಶಾಪ್ ಇರಲಿಲ್ಲ. ಅಕ್ಕಪಕ್ಕದ ಕಟ್ಟಡಗಳನ್ನೂ ಸೇರಿಸಿ ಕೆಡವಿ, ಒಂದು ಕಿಟಕಿಯೂ ಇಲ್ಲದ ಡೇಟಾ ಸೆಂಟರ್ ಎಬ್ಬಿಸಿದ್ದಾರೆ. ಗುಂಯ್ ಎನ್ನುವ ಸದ್ದೊಂದನ್ನು ಬಿಟ್ಟರೆ ಅಲ್ಲಿ ನರಪಿಳ್ಳೆಯ ಸುಳಿವಿಲ್ಲ. ಯಾರನ್ನಾದರೂ ಹಿಡಿದು ಜಗಳವಾಡೋಣವೆಂದರೂ ಒಬ್ಬರಿಲ್ಲ. ಮುಖ ಊದಿಸಿಕೊಂಡು ವಾಪಸು ಬಂದರೆ, ನನ್ನ ಕಾರಿನ ಪಕ್ಕದಲ್ಲಿ ಯಾವುದೋ ಲಾರಿಯ ಗೇರ್ ಆಯಿಲ್ ಇಳಿಸುತ್ತಿದ್ದರು. ಕೊಳೆತ ಮೊಟ್ಟೆಗೂ ಆ ವಾಸನೆಗೂ ಹೆಚ್ಚು ಫರಕಿಲ್ಲ. ಜನ ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಾನು ನಿಂತು ಎದೆ ತುಂಬ ಎಳೆದುಕೊಂಡೆ, ಮೆಕ್ಯಾನಿಕ್ ನನ್ನನ್ನು ವಿಚಿತ್ರವಾಗಿ ನೋಡಿದ.

ಮೆಹರುನ್ನಿಸಾ ಹುಬ್ಬಳ್ಳಿಯವಳು. ಈಗ ಡೆಟ್ರಾಯ್ಟ್ ಹತ್ತಿರ ಮಗಳ ಊರಿನಲ್ಲಿದ್ದಾಳೆ. ಹೋಗುವಾಗ ತನ್ನ ಲೇತ್ ಯಂತ್ರಗಳನ್ನೂ ಕುಟುಂಬದವರ ಹಾಗೆ ಕರೆದುಕೊಂಡು ಹೋದಳು. ಅವಳ ಗುಣಗಾನ ಮಾಡಲೆಂದೇ ಇದನ್ನು ಬರೆಯಲು ಕೂತಿದ್ದೇನೆ. ಯಾರನ್ನೂ ಸುಲಭಕ್ಕೆ ಹೊಗಳುವ ಪೈಕಿ ನಾನಲ್ಲ, ನನ್ನ ಗಂಡನನ್ನು ಕೇಳಿದರೆ ಅವರೇ ಸಾಕ್ಷಿ ಹೇಳುತ್ತಾರೆ.

ಮೆಹರುವಿನ ಪರಿಚಯವಾದ ವರ್ಷದ ಬೇಸಿಗೆಯಲ್ಲಿ ನಮ್ಮವರ, ಎಂದರೆ ಚಂದ್ರಶೇಖರ್ ಅವರ, ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಎಲ್ಗಿನ್ ಪಟ್ಟಣದಲ್ಲಿ ಡಯಾಲಿಸಿಸ್. ನಮ್ಮ ಮನೆ ಎಲ್ಗಿನ್ ದಾಟಿ ಇನ್ನೂ ಪಶ್ಚಿಮಕ್ಕೆ, ಜೋಳದ ಹೊಲಗಳ ನಡುವೆ. ರಸ್ತೆಯಿಂದ ಮನೆಗೆ ಉದ್ದನೆಯ ಜಲ್ಲಿ ಹಾದಿ. ಬೇಸಿಗೆಯಲ್ಲಿ ಬಂದವರೆಲ್ಲ ಆಹಾ ಎನ್ನುವ ಹಾದಿ ಅದು. ಚಳಿಗಾಲದಲ್ಲಿ ಗಾಳಿ ಹೊಲದ ಹಿಮವನ್ನೆಲ್ಲ ಗುಡಿಸಿ ತಂದು ಅದರ ಮೇಲೇ ಸುರಿಯುತ್ತದೆ. ಪ್ರತಿವರ್ಷ ಹಿಮ ತೆಗೆಯಲು ಬರುತ್ತಿದ್ದವನು ಆ ವರ್ಷ ಮೊಣಕಾಲು ನೋವೆಂದು ಫ್ಲೋರಿಡಾಕ್ಕೆ ಹೊರಟುಬಿಟ್ಟ. ಉಳಿದವರು, ಅಷ್ಟು ದೂರ ಬರುವುದಿಲ್ಲ, ಬಂದರೂ ಇಂಥ ಹೊತ್ತಿಗೇ ಎಂದು ಹೇಳುವುದಿಲ್ಲ ಎಂದರು. ಡಯಾಲಿಸಿಸ್ ಕುರ್ಚಿಗೆ ಮಾತ್ರ ಇಂಥ ಹೊತ್ತಿಗೇ ಹೋಗಬೇಕು.

ನಮ್ಮ ಮಗಳು ಅನನ್ಯ ಶಿಕಾಗೋ ನಗರದೊಳಗೆ ಕೆಲಸದಲ್ಲಿದ್ದಾಳೆ. ಮನೆ ಮಾರಿ ನಗರಕ್ಕೆ ಹತ್ತಿರದ ಸ್ಕೋಕಿಯಲ್ಲಿ ಡಯಾಲಿಸಿಸ್ ಸೆಂಟರಿನ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಹಿಡಿಯಿರಿ ಎಂದು ಅವಳ ಹಟ. ಬಿಡುವುದಿಲ್ಲ ಎಂದು ಅಪ್ಪನ ಹಟ. ದೇಹದಲ್ಲಿ ಹೋಗಬೇಕಾದದ್ದು ಹೋಯಿತು, ಇನ್ನು ಮಣ್ಣನ್ನೂ ಬಿಟ್ಟರೆ ನಾನು ಬರೀ ರೋಗಿ ಎಂದು ಅವರು ಒಮ್ಮೆ ನನ್ನೆದುರು ಹೇಳಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು. ಮಗಳು ಬೆರಳೆತ್ತಿ, "ಒನ್ ಮಿಸ್ಡ್ ಸೆಷನ್, ಅಪ್ಪ. ಜಸ್ಟ್ ಒನ್. ದೆನ್ ವೀ ಸೆಲ್," ಎಂದಳು. ಅಪ್ಪ ತಲೆಯಾಡಿಸಿದರು. ಹಿಮದಿಂದ ಒಂದೇ ಒಂದು ಸಲ ತಪ್ಪಿದರೂ ಮನೆ ಮಾರಾಟ. ಆ ಚಳಿಗಾಲ ನಮಗೆ ಪರೀಕ್ಷೆಯ ಕಾಲವಾದದ್ದು ಹೀಗೆ.

ನಮ್ಮಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು. ಹುಲ್ಲು ಕತ್ತರಿಸಲು, ಮಣ್ಣು ಎತ್ತಲು ಇವರು ಇಟ್ಟುಕೊಂಡ ಆಟಿಕೆ. ಅದರ ಮುಂದೆ ಕಟ್ಟಲು, ಹಿಮ ಬಾಚಿ ದೂರಕ್ಕೆ ಎಸೆಯುವ ಹಳೆಯ ಸ್ನೋಬ್ಲೋವರ್ ಒಂದನ್ನು ಹುಡುಕಿದೆವು. ಡೆಟ್ರಾಯ್ಟ್ ಆಚೆಯ ಒಬ್ಬ ಮುದುಕನ ಕೊಟ್ಟಿಗೆಯಲ್ಲಿ ಅದು ಸಿಕ್ಕಿತು. ಡಯಾಲಿಸಿಸ್ ಇಲ್ಲದ ದಿನ ನೋಡಿಕೊಂಡು ಟ್ರೈಲರ್ ಕಟ್ಟಿಕೊಂಡು ಹೋಗಿ ತಂದೆವು. ದಾರಿಯುದ್ದಕ್ಕೂ ಇವರ ಮುಖದಲ್ಲಿ ಮದುವಣಿಗನ ಕಳೆ. ಮನೆಗೆ ಬಂದು ನೋಡಿದರೆ ಟ್ರ್ಯಾಕ್ಟರ್ ಒಂದು ಕಂಪನಿಯದು, ಸ್ನೋಬ್ಲೋವರ್ ಇನ್ನೊಂದರದು. ಕೊಕ್ಕೆಗೆ ಕೊಕ್ಕೆ ಕೂಡುವುದಿಲ್ಲ, ತೂತಿಗೆ ತೂತು ಸೇರುವುದಿಲ್ಲ. ಟ್ರ್ಯಾಕ್ಟರಿನ ಹೊಟ್ಟೆಯಡಿಯಲ್ಲಿ ಯಂತ್ರಗಳನ್ನು ತಿರುಗಿಸುವ ಒಂದು ದಂಡ ಇರುತ್ತದೆ. ಅದು ಅಷ್ಟು ಕೆಳಗೆ, ಅದಕ್ಕೆ ಕೂಡಬೇಕಾದ ಸ್ನೋಬ್ಲೋವರಿನ ಬಾಯಿ ಇಷ್ಟು ಮೇಲೆ. ಡೀಲರ್ ಬಳಿ ಕೇಳಿದರೆ ಹೊಸದನ್ನೇ ಕೊಳ್ಳಿ ಎಂದರು, ಹೊಸದು ಮಾರ್ಚ್‌ಗೆ ಬರುತ್ತದೆ ಎಂದೂ ಹೇಳಿದರು. ವೆಲ್ಡಿಂಗ್ ಅಂಗಡಿಯವರು ಏನಾದರೂ ಅನಾಹುತವಾದರೆ ನಮ್ಮ ತಲೆಗೆ ಬರುತ್ತದೆ ಎಂದು ಕೈಯಲ್ಲಾಡಿಸಿದರು. ಗ್ಯಾರೇಜಿನ ಮುಂದೆ ಅವೆರಡೂ ಮಾತು ಬಿಟ್ಟ ದಾಯಾದಿಗಳ ಹಾಗೆ ನಿಂತಿದ್ದವು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ. ಕನ್ನಡದವರದೇ ಒಂದು ಮೆಷೀನ್ ಶಾಪ್ ಇದೆಯೆಂದು ನನಗೆ ಹೇಳಿದ್ದು ಶಿಕಾಗೋದ ಡೆವನ್ ಅವೆನ್ಯೂವಿನ ದಿನಸಿ ಅಂಗಡಿಯವರು, ಅದೂ ನಾನು ಸೊಪ್ಪು ಆರಿಸುತ್ತ ಗೊಣಗಿದ್ದನ್ನು ಕೇಳಿಸಿಕೊಂಡು. ಮಾರನೆಯ ದಿನವೇ ಹೋದೆ. ಅಲ್ಲಿ ಮೆಹರು, ತಲೆಗೆ ಬಿಗಿದ ಸ್ಕಾರ್ಫ್, ಮೇಲೆ ಏಪ್ರನ್, ಮೊಣಕೈವರೆಗೆ ಮಸಿ. ನನ್ನ ವಯಸ್ಸಿನವಳೇ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿದಾಗ ತರಗತಿಗೆ ಒಬ್ಬಳೇ ಹುಡುಗಿಯಂತೆ. ವಿಮಾನದ ಬಿಡಿಭಾಗ ಮಾಡುವ ಶಾಪ್ ಅದು, ಕೂದಲೆಳೆಯ ಲೆಕ್ಕದ ಕೆಲಸ. ನನ್ನ ಫೋನಿನ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಯಾಕೆ ಬೇಕು ಎಂದು ಕೇಳಿದಳು. ಇವರ ಕಿಡ್ನಿ, ಮಗಳ ಷರತ್ತು, ಎಲ್ಲ ಹೇಳಿದೆ. ಅವಳು ಫೋನ್ ವಾಪಸು ಕೊಟ್ಟು, "ಐತವಾರ ಬರ್ತೀನ್ರಿ ಅಕ್ಕಾರ. ರಟ್ಟಿನ ಡಬ್ಬಿ ಇದ್ರ ಒಗೀಬ್ಯಾಡ್ರಿ, ಇಟ್ಟಿರ್ರಿ," ಎಂದಳು. ಅಷ್ಟೇ. ನೋಡೋಣ, ಯೋಚಿಸಿ ಹೇಳುತ್ತೇನೆ, ಇಂಥ ಒಂದು ಮಾತಿಲ್ಲ.

ಭಾನುವಾರ ಬಂದವಳು ಮೊದಲು ಮಾಡಿದ್ದು, ಬೇಸಿಗೆಯಿಂದ ಉಳಿದಿದ್ದ ಮಾವಿನಹಣ್ಣಿನ ರಟ್ಟಿನ ಡಬ್ಬಿಗಳನ್ನು ಕತ್ತರಿಸುವುದು. ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿ, ರಟ್ಟಿನಲ್ಲೇ ಇಡೀ ಚೌಕಟ್ಟನ್ನು ಮಾಡಿ ಜೋಡಿಸಿದಳು. ದರ್ಜಿಯವರು ಕಾಗದದಲ್ಲಿ ರವಿಕೆ ಕತ್ತರಿಸುವ ಹಾಗೆ. ರಟ್ಟು ಸರಿ ಕೂತ ಮೇಲೆ ತಾನೇ ಕಬ್ಬಿಣ ಎಂದಳು. ಇವರು ಹುರುಪಿನಿಂದ ಡ್ರಿಲ್ ತಂದು, ಸ್ನೋಬ್ಲೋವರಿಗೆ ಇಲ್ಲೊಂದು ಅಲ್ಲೊಂದು ತೂತು ಹಾಕಿಬಿಟ್ಟರೆ ಸುಲಭವಲ್ಲವೇ ಎಂದರು. ಅವಳು ಡ್ರಿಲ್ಲನ್ನು ಮೆಲ್ಲಗೆ ಕಸಿದುಕೊಂಡಳು.

"ಬ್ಯಾರೇದವರು ಮಾಡಿದ್ದನ್ನ ನಾವು ಕೊರೀಬಾರದ್ರಿ ಶೇಖರಣ್ಣಾರ. ನಡುವ ಏನು ಬೇಕೋ ಅದನ್ನ ನಾವು ಮಾಡೂಣು. ನಾಳೆ ಯಾರರ ಬಿಚ್ಚಿದ್ರ, ಎರಡೂ ಹೆಂಗಿದ್ದೂವೋ ಹಂಗs ಇರಬೇಕು."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಜನರನ್ನು ಕೂಡಿಸುವಾಗಲೂ ನಾವು ಮೊದಲು ಹುಡುಕುವುದು ಯಾರನ್ನು ಎಲ್ಲಿ ಕೊರೆಯಬಹುದು ಎಂದೇ. ಅವಳು ಎರಡರಲ್ಲಿ ಒಂದನ್ನೂ ಗಾಯ ಮಾಡಲಿಲ್ಲ. ನಡುವೆ ಕೂರುವ ಚೌಕಟ್ಟೊಂದನ್ನು ತನ್ನ ಶಾಪಿನಲ್ಲಿ ಬೆಸೆದು ತಂದಳು. ಕೆಳಗಿನ ದಂಡದಿಂದ ಮೇಲಿನ ಬಾಯಿಗೆ ಓರೆ ತಪ್ಪಿಸಿ ಶಕ್ತಿ ಒಯ್ಯಲು ಎರಡು ತುಂಡಿನ ಶಾಫ್ಟ್ ಮಾಡಿದಳು. ಓರೆ ಹೆಚ್ಚಾದರೆ ಬಡಿದುಕೊಂಡು ಮುರಿಯುತ್ತದಂತೆ. ಮಣ್ಣೆತ್ತುವ ಬಕೆಟ್ಟಿನ ಎಣ್ಣೆ ಪೈಪುಗಳನ್ನೇ ಇದಕ್ಕೆ ತಿರುಗಿಸಿ, ಮೇಲೆ ಕೆಳಗೆ ಎತ್ತುವ ಹಾಗೆ ಮಾಡಿದಳು. ಅಕ್ಟೋಬರ್ ಪೂರ್ತಿ ಅವಳ ಭಾನುವಾರಗಳು ನಮ್ಮ ಜಲ್ಲಿಯ ಮೇಲೆ ಕಳೆದವು. ಬಿಸಿಲು ಇತ್ತು, ಮೇಪಲ್ ಎಲೆ ಉದುರುತ್ತಿತ್ತು, ಮಧ್ಯಾಹ್ನದ ನಮಾಜನ್ನು ನಮ್ಮ ವರಾಂಡದಲ್ಲಿ ಮುಗಿಸಿ ಬಂದು ನನ್ನ ಬಿಸಿಬೇಳೆ ಬಾತಿಗೆ ಖಾರ ಸಾಲದೆಂದು ದೂರುತ್ತಿದ್ದಳು.

ಇನ್ನೊಂದು ಅಭ್ಯಾಸ ಅವಳದು. ಪ್ರತಿ ಬೋಲ್ಟನ್ನೂ ಕೊನೆಗೆ ನನ್ನ ಕೈಯಲ್ಲೇ ಬಿಗಿಸುತ್ತಿದ್ದಳು. ಇವರ ಎಡತೋಳಿನಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳ ಕೂಡಿಸಿದ್ದರಿಂದ ಭಾರದ ಕೆಲಸ ಇವರಿಗೆ ನಿಷಿದ್ಧ. ನಾನು ಸೌಟು ಹಿಡಿದವಳು, ಸ್ಪ್ಯಾನರ್ ಹಿಡಿದವಳಲ್ಲ ಎಂದು ರಾಗ ಎಳೆದೆ. ಹಿಮ ಬಿದ್ದ ದಿನ ನಾನು ಇಲ್ಲಿರುವುದಿಲ್ಲ, ನೀವಿರುತ್ತೀರಿ ಎಂದು ಅವಳು ಸ್ಪ್ಯಾನರನ್ನು ನನ್ನ ಕೈಗೇ ತುರುಕಿದಳು. ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡ ಮೇಲಷ್ಟೇ ಹಿಮ ನುಂಗುವ ಬಾಯಿಗೆ ಕೈ ಹಾಕಬೇಕೆಂದು ಅವಳ ಕಟ್ಟಪ್ಪಣೆ. ಹಿಮವನ್ನು ಒಳಗೆಳೆಯುವ ಸುರುಳಿ ಅಲಗಿಗೆ ಒಂದು ಮೆತ್ತನೆಯ ಪಿನ್ನು ಇರುತ್ತದೆ. ಕಲ್ಲೋ ಗಟ್ಟಿ ಮಂಜೋ ಸಿಕ್ಕಿದರೆ ಅದು ತಾನು ಮುರಿದು ದೊಡ್ಡ ಗೇರನ್ನು ಉಳಿಸುತ್ತದೆ. ಆ ಪಿನ್ನು ಬದಲಿಸುವುದನ್ನು, ನಾನು ಬೈದುಕೊಳ್ಳದೆ ಮಾಡುವವರೆಗೂ ಮಾಡಿಸಿದಳು. ಬಿಡಿ ಪಿನ್ನುಗಳನ್ನು ಸೀಟಿನಡಿಯ ಡಬ್ಬಿಯಲ್ಲಿ ಹಾಕಿಟ್ಟಳು.

ನವೆಂಬರ್ ಬಂತು. ಯಂತ್ರ ತಯಾರು, ಪರೀಕ್ಷೆಗೆ ಹಿಮವೇ ಇಲ್ಲ. ಮಣ್ಣು ಹಾಕುವಂತಿಲ್ಲ, ಎಲೆ ಸುತ್ತಿಕೊಳ್ಳುತ್ತದೆ. ಹಗುರಾಗಿರಬೇಕು, ಬೆಳ್ಳಗೆ ರಾಶಿ ಬೀಳಬೇಕು. ನಮ್ಮವರು ದಾವಣಗೆರೆಯವರು. ಜಗತ್ತಿನ ಯಾವ ಸಮಸ್ಯೆಗೂ ಅವರ ಊರಿನವರಿಗೆ ಹೊಳೆಯುವ ಉತ್ತರ ಒಂದೇ, ಮಂಡಕ್ಕಿ. ಡೆವನ್‌ನ ಅಂಗಡಿಯಲ್ಲಿ ತಾರೀಖು ಮುಗಿದು ಮೆತ್ತಗಾದ ಮಂಡಕ್ಕಿ ಚೀಲಗಳು ಬಿದ್ದಿದ್ದವು. ಕಾರಿನ ತುಂಬ ಹೇರಿಕೊಂಡು ಬಂದು ಜಲ್ಲಿಯ ಮೇಲೆ ಸುರಿದೇಬಿಟ್ಟರು. ಅನ್ನವನ್ನು ನೆಲಕ್ಕೆ ಚೆಲ್ಲಿ ಅದರ ಮೇಲೆ ಟ್ರ್ಯಾಕ್ಟರ್ ಓಡಿಸುವುದೇ ಎಂದು ನನಗೆ ಸಂಕಟ. ಮೆಹರುವಿಗೂ ಅದೇ ಸಂಕಟ. ಒಂದು ಹಿಡಿ ಎತ್ತಿ ಕಣ್ಣಿಗೊತ್ತಿಕೊಂಡು ಬದಿಗಿಟ್ಟಳು. ಉಳಿದದ್ದು ಹೊಲಕ್ಕಿಳಿಯುವ ಬಾತುಕೋಳಿಗಳ ಪಾಲು ಎಂದು ನಾವಿಬ್ಬರೂ ಸಮಾಧಾನ ಮಾಡಿಕೊಂಡೆವು.

ಟ್ರ್ಯಾಕ್ಟರ್ ಮುಂದೆ ಹೋಯಿತು, ಅಲಗು ತಿರುಗಿತು. ಮಂಡಕ್ಕಿ ಮಾತ್ರ ಹಾರಲಿಲ್ಲ. ಅಲಗು ಅದನ್ನು ನಡುವಿಗೆ ಎಳೆದುಕೊಳ್ಳುವ ಬದಲು ಎರಡೂ ಬದಿಗೆ ತಳ್ಳಿ ಮುಂದಕ್ಕೆ ಉಗುಳುತ್ತಿತ್ತು. ಈ ಟ್ರ್ಯಾಕ್ಟರಿನ ದಂಡ ಒಂದು ಕಡೆ ತಿರುಗಿದರೆ, ಆ ಸ್ನೋಬ್ಲೋವರ್ ಹುಟ್ಟಿದ್ದು ಇನ್ನೊಂದು ಕಡೆ ತಿರುಗುವ ದಂಡಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಇವರ ಮುಖ ಬಾಡಿತು. ಮನೆ ಹೋಯಿತು ಎಂದು ಆ ಕ್ಷಣಕ್ಕೆ ನನಗೂ ಅನ್ನಿಸಿತು. ಮೆಹರು ಇದನ್ನು ಮೊದಲೇ ನೋಡಬೇಕಿತ್ತೆಂದು ತನ್ನ ತಲೆಗೆ ತಾನೇ ಮೊಟಕಿಕೊಂಡು, ಜಲ್ಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಂಡಕ್ಕಿಯ ಕಾಳುಗಳನ್ನು ಆಚೆಗೊಂದು ಈಚೆಗೊಂದು ಇಟ್ಟು ಲೆಕ್ಕ ಹಾಕಿದಳು. ಆಮೇಲೆ ಎದ್ದು ಸ್ನೋಬ್ಲೋವರಿನ ಗೇರ್ ಪೆಟ್ಟಿಗೆಯನ್ನು ಬಿಚ್ಚಿದಳು, ಅದನ್ನು ತಲೆಕೆಳಗು ಮಾಡಿ ಮತ್ತೆ ಅದೇ ಬೋಲ್ಟುಗಳಿಗೆ ಕೂರಿಸಿದಳು. ಅಷ್ಟೇ. ಒಳಗಿನ ಹಲ್ಲುಚಕ್ರ ಇನ್ನೊಂದು ಮಗ್ಗುಲಿಗೆ ಬಂದದ್ದರಿಂದ ತಿರುಗುವ ದಿಕ್ಕೂ ಬದಲಾಯಿತು. ತಲೆಕೆಳಗಾದ ಮೇಲೆ ಎಣ್ಣೆಯ ಮುಚ್ಚಳ ಅಡಿಗೆ ಬಂದಿತ್ತು. ಅದನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ಬದಲಿಸಿ ಹೊಸ ಎಣ್ಣೆ ತುಂಬಿದಳು. ನಾನು ಮೊದಲು ಹೇಳಿದ ಆ ನಾತ ನಮ್ಮ ಅಂಗಳ ತುಂಬಿದ್ದು ಅವತ್ತೇ. ಒಂದು ತೂತು ಕೊರೆಯಲಿಲ್ಲ, ಒಂದು ಹೊಸ ಬಿಡಿಭಾಗ ತರಲಿಲ್ಲ. ಇದ್ದದ್ದನ್ನು ತಿರುಗಿಸಿ ಇಟ್ಟಳು. ನಾನು ದೇವರ ಮುಂದೆ ನಿಂತ ಹಾಗೆ ನಿಂತಿದ್ದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎರಡನೆಯ ಸಲ ಮಂಡಕ್ಕಿ ಎದ್ದಿತು ನೋಡಿ. ಸ್ನೋಬ್ಲೋವರಿನ ಉಗುಳುವ ಗಂಟಲಿನಿಂದ ಹೊರಟು ಮೇಪಲ್ ಮರದ ಎತ್ತರಕ್ಕೆ ಕಮಾನು ಕಟ್ಟಿ ಬಿದ್ದಿತು. ಇವರು ಬೇಕೆಂದೇ ಓಡಿ ಹೋಗಿ ಅದರಡಿ ನಿಂತರು. ಟೋಪಿಯ ಮೇಲೆ, ಹೆಗಲ ಮೇಲೆ, ಮೀಸೆಯ ಮೇಲೆ ಮಂಡಕ್ಕಿ. ಡಯಾಲಿಸಿಸ್ ಶುರುವಾದ ಮೇಲೆ ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಆ ನಗುವಿಗೆ ತೆರಬೇಕಾದ ಬೆಲೆ ಜನವರಿಯಲ್ಲಿ ಬಂತು. ಡಿಸೆಂಬರ್ ಪೂರ್ತಿ ಮಳೆ, ಪುಡಿ ಹಿಮ, ಮತ್ತೆ ಮಳೆ. ಪೊರಕೆಯಲ್ಲೇ ಸಾಗಿಹೋಯಿತು. ಆಮೇಲೆ ಒಂದು ಡಯಾಲಿಸಿಸ್ ದಿನ ಬೆಳಗಾಗುವಷ್ಟರಲ್ಲಿ ನಮ್ಮ ಹಾದಿಯೇ ಇರಲಿಲ್ಲ. ಹೊಲ ಯಾವುದು, ಹಾದಿ ಯಾವುದು ತಿಳಿಯದು. ಟೆಂಪರೇಚರ್ ಸೊನ್ನೆಗಿಂತ ಕೆಳಗೆ, ಅದೂ ಇಲ್ಲಿಯ ಫ್ಯಾರನ್‌ಹೀಟ್ ಸೊನ್ನೆ, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗಿನದು. ಸೆಂಟರಿಗೆ ಫೋನ್ ಮಾಡಿದರೆ, ಇವತ್ತು ಸಂಜೆಯ ಸರದಿ ರದ್ದಾಗಿದೆ, ಆ ಪೇಷೆಂಟುಗಳೂ ಬೆಳಿಗ್ಗೆಯೇ ಬರುತ್ತಾರೆ, ತಡವಾದರೆ ಕುರ್ಚಿ ಇನ್ನೊಬ್ಬರಿಗೆ ಹೋಗುತ್ತದೆ ಎಂದರು. ನಾನು ಮೂರು ಸ್ವೆಟರ್ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿದೆ. ಅಲಗು ತಿರುಗಿಸುವ ಲಿವರ್ ಎಳೆದೆ. ಟಕ್ ಎಂದಿತು, ನಿಂತಿತು.

ಕೀಲಿಕೈ ಜೇಬಿಗೆ ಹಾಕಿ ಇಳಿದು ನೋಡಿದರೆ ಮಂಡಕ್ಕಿ. ಪರೀಕ್ಷೆಯ ದಿನ ಮೂಲೆಯಲ್ಲಿ, ಗಂಟಲಿನ ಬುಡದಲ್ಲಿ ಉಳಿದದ್ದು ಡಿಸೆಂಬರಿನ ಮಳೆಯಲ್ಲಿ ನೆಂದು ಗಂಜಿಯಾಗಿ, ಗಂಜಿ ಗಡ್ಡೆ ಕಟ್ಟಿ, ಅಲಗನ್ನೂ ತಗಡನ್ನೂ ಒಂದೇ ಮಾಡಿಬಿಟ್ಟಿತ್ತು. ಅಮೆರಿಕದ ಇತಿಹಾಸದಲ್ಲಿ ಮಂಡಕ್ಕಿಯಿಂದ ಕೆಟ್ಟ ಸ್ನೋಬ್ಲೋವರ್ ಇದೊಂದೇ ಇರಬೇಕು. ಪಿನ್ನು ಮಾತ್ರ ತನ್ನ ಧರ್ಮ ಪಾಲಿಸಿ ಮುರಿದಿತ್ತು. ಮೆಹರುವಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅವಳ ಮೇಲೆ ಬಂದ ಸಿಟ್ಟನ್ನು ನಾನು ಮಂಡಕ್ಕಿಯ ಮೇಲೆ ತೀರಿಸಿಕೊಂಡೆ. ಬಿಸಿನೀರು ಹೊಯ್ಯಬೇಡ, ಅದೂ ಗಡ್ಡೆ ಕಟ್ಟುತ್ತದೆ ಎಂದು ಇವರು ಗ್ಯಾರೇಜಿನಿಂದ ಕೂಗಿದರು. ಹೇರ್ ಡ್ರೈಯರಿಗೆ ಉದ್ದದ ವೈರು ಕೊಟ್ಟು ಬಲಗೈಯಲ್ಲಿ ಹಿಡಿದು ನಿಂತರು. ನಾನು ದೋಸೆ ಮಗುಚುವ ಕಬ್ಬಿಣದ ಸಟ್ಟುಗ ಹಿಡಿದು ಅಂಗಾತ ಮಲಗಿ ಕೆರೆದೆ. ಬೆರಳು ಮರಗಟ್ಟಿದಾಗ ಬಾಯಿಗಿಟ್ಟುಕೊಂಡು ಮತ್ತೆ ಕೆರೆದೆ. ಕೊನೆಗೆ ಅಲಗು ಕೈಯಲ್ಲಿ ತಿರುಗಿತು. ಸೀಟಿನಡಿಯಿಂದ ಹೊಸ ಪಿನ್ನು ತೆಗೆದು ಬಡಿದು ಕೂರಿಸಿದೆ. ನೂರು ಸಲ ಮಾಡಿಸಿದ್ದಳಲ್ಲ ಪುಣ್ಯಾತ್ಗಿತ್ತಿ, ಕೈ ತಾನೇ ಮಾಡಿತು.

ಮತ್ತೆ ಲಿವರ್ ಎಳೆದೆ. ಹಿಮ ಎದ್ದಿತು. ಮನೆಯಿಂದ ರಸ್ತೆಯವರೆಗೆ ನಾನು ಹಿಂದೆ ತಿರುಗಿ ನೋಡಲಿಲ್ಲ. ಸೊಂಟದೆತ್ತರದ ರಾಶಿಯೊಳಕ್ಕೆ ಆ ಪುಟ್ಟ ಟ್ರ್ಯಾಕ್ಟರ್ ತಲೆ ತಗ್ಗಿಸಿ ನುಗ್ಗುತ್ತಿತ್ತು, ಬಲಕ್ಕೆ ಬಿಳಿಯ ಕಮಾನು ಬೀಳುತ್ತಿತ್ತು, ಮೆಹರು ಬೆಸೆದ ಚೌಕಟ್ಟು ಕಿಂಚಿತ್ತೂ ಅಲ್ಲಾಡಲಿಲ್ಲ. ಕಣ್ಣೀರು ಬರುತ್ತಿತ್ತು, ಗಾಳಿಗೋ ಸಂತೋಷಕ್ಕೋ ಕೇಳಬೇಡಿ. ದೊಡ್ಡ ರಸ್ತೆಯ ಹಿಮವನ್ನು ಕೌಂಟಿ ಆಡಳಿತದವರು ತೆಗೆದಿದ್ದರು. ಇವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಆದರೆ ಹೊತ್ತು ಮೀರಿತ್ತು, ಬಹಳವೇ ಮೀರಿತ್ತು. ದಾರಿಯಲ್ಲಿ ಮಗಳಿಗೆ ಏನು ಹೇಳುವುದೆಂದು ಇವರು ಯೋಚಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಮನೆ ಬಿಟ್ಟುಕೊಡೋಣ, ಪಾಪ ನೀನು ಮಾಡುವಷ್ಟು ಮಾಡಿದೆ ಎಂದು ಸಿಗ್ನಲ್ಲಿನಲ್ಲಿ ಒಂದೇ ಮಾತು ಹೇಳಿದರು. ನಾನು ಕಾರು ಮುಂದೆ ಬಿಟ್ಟೆ.

ಸೆಂಟರಿನ ಬಾಗಿಲು ತಳ್ಳಿ ಒಳಗೆ ಹೋದರೆ ನರ್ಸ್ ಎದ್ದು ನಿಂತು, ಅಂತೂ ಬಂದಿರಾ ಎಂದಳು. ಕುರ್ಚಿ ಖಾಲಿಯಿತ್ತು. ನಿಮ್ಮ ತಂಗಿ ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಕೂತಿದ್ದಾರೆ, ಇನ್ನು ಹತ್ತೇ ನಿಮಿಷದಲ್ಲಿ ಬರುತ್ತಾರೆ ಎಂದು ಬೆಳಗಿನಿಂದ ಹೇಳುತ್ತಲೇ ಇದ್ದಾರೆ, ನಮಗೆ ಆ ಕುರ್ಚಿ ಯಾರಿಗೂ ಕೊಡಲು ಬಿಡಲಿಲ್ಲ ಎಂದು ನಗುತ್ತ ದೂರಿದಳು. ಇವರನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನನಗೆ ತಂಗಿಯಿಲ್ಲ. ವೇಟಿಂಗ್ ರೂಮಿನ ಮೂಲೆಯಲ್ಲಿ ಬೂಟಿನ ಹಿಮ ಕರಗಿ ನೀರಾದ ಜಾಗದಲ್ಲಿ ಮೆಹರು ಕೂತಿದ್ದಳು. ಅವತ್ತು ಇವರ ಡಯಾಲಿಸಿಸ್ ದಿನವೆಂದು ನೆನಪಿಟ್ಟು, ಅಂಥ ಹಿಮದಲ್ಲಿ ಅಷ್ಟು ದೂರ ಹೈವೇಯಲ್ಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು, ಫೋನನ್ನು ಅವಸರದಲ್ಲಿ ಮನೆಯಲ್ಲೇ ಬಿಟ್ಟಿದ್ದಳು.

ನನ್ನ ಬಾಯಿಂದ ಮೊದಲು ಬಂದದ್ದು ಜಗಳವೇ. ಯಂತ್ರ ಕೆಟ್ಟು ನಿಂತಿತ್ತು, ಇಷ್ಟು ದೂರ ಬಂದವರು ಇನ್ನೊಂದು ಸ್ವಲ್ಪ ದೂರ ಮನೆಗೇ ಬರಬಾರದಿತ್ತೇ ಎಂದೆ. ಅವಳು ನನ್ನ ಕೆಂಪಾದ ಕೈಗಳನ್ನು ತೆಗೆದುಕೊಂಡು ತನ್ನ ಕೋಟಿನೊಳಗೆ ಇಟ್ಟುಕೊಂಡಳು.

"ಹಾದಿ ತಗಿಯೂದು ನಿಮಗ ಬರತದಲ್ರಿ ಅಕ್ಕಾರ. ಅದಕ್ಕ ನಾ ಯಾಕ ಬೇಕು? ನೀವು ಬರೂತನಾ ಇಲ್ಲಿ ಕುರ್ಚಿ ಹಿಡಿಯವರು ಒಬ್ಬರು ಬೇಕಿತ್ತು."

ಗಾಜಿನಾಚೆ ಇವರ ತೋಳಿಗೆ ಸೂಜಿ ಹಾಕಿ ಯಂತ್ರ ಶುರುಮಾಡಿದ್ದರು. ನಾನು ಮೆಹರುವಿನ ಭುಜಕ್ಕೆ ಹಣೆ ಒತ್ತಿ, ಆಸ್ಪತ್ರೆಯೆಂದೂ ನೋಡದೆ, ಜೋರಾಗಿ ಅತ್ತೆ.